ಎಂಟಾದ ಮೇಲೆ ಹತ್ತು

ಕಿರುಪರೀಕ್ಷೆಗೆ 25 ಅಂಕ. ಪಾಸಾಗಲು ಆಗ ನೂರಕ್ಕೆ 35 ಬೇಕಿತ್ತು. ಹಾಗಾದರೆ 25ಕ್ಕೆ ಎಷ್ಟು? ನಮ್ಮ ಲೆಕ್ಕದ ಮೇಷ್ಟ್ರು ಎಂಟನೇ ಕ್ಲಾಸಿನ ಮೊದಲ ವಾರವೇ ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದ್ದರು. ಉತ್ತರ ಎಂಟು ಮುಕ್ಕಾಲು.

"ಮುಕ್ಕಾಲು ಮಾರ್ಕ್ಸ್ ಕೊಡೋಕೆ ನಾನೇನು ತರಕಾರಿ ತೂಗ್ತಿದೀನೇನ್ರೋ? ಒಂಬತ್ತು ತಗೊಂಡೋನು ಪಾಸು. ಎಂಟು ತಗೊಂಡೋನು ನನ್ನ ಹತ್ರ ಬಂದು ಅಳಬೇಕು," ಅಂದರು.

ಒಂಬತ್ತು ಅಂದ ಕೂಡಲೇ ಹಿಂದಿನ ಎರಡು ಬೆಂಚು ಕಿಸಕ್ಕನೆ ನಕ್ಕಿತು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವರೂ ಸ್ವಲ್ಪ ನಕ್ಕರು, ತರಕಾರಿಯ ಮಾತಿಗೆ ನಗುತ್ತಿದ್ದಾರೆ ಅಂದುಕೊಂಡು.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ನಗು. ಬೇಲೂರು ಹಳೇಬೀಡಿನ ಪ್ರವಾಸ, ಆಗಸ್ಟ್ 15ರ ಬೂಂದಿ, ಮಳೆಗಾಲದಲ್ಲಿ ಸೋರುತ್ತಿದ್ದ ಒಂಬತ್ತನೇ 'ಬಿ' ಕೊಠಡಿ, ಇವನ್ನೆಲ್ಲ ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಮಾರ್ಕ್ಸಿನ ಬಗ್ಗೆ ಬರೆಯುತ್ತೇನೆ. ಅದರಲ್ಲೂ ಒಂದೇ ಒಂದು ಮಾರ್ಕಿನ ಬಗ್ಗೆ.

ನಾವು ಓದಿದ್ದು 1993ರಿಂದ 96ರವರೆಗೆ. ಆಗ ಮಾರ್ಕ್ಸಿಗೆ ನಮ್ಮದೇ ಒಂದು ಭಾಷೆ ಇತ್ತು. ಸೊನ್ನೆ ಬಂದರೆ ಕೋಳಿಮೊಟ್ಟೆ. ಫೇಲಾದರೆ ಡುಮ್ಕಿ, ಇಲ್ಲವೇ ಗೋತಾ. ಇಪ್ಪತ್ತರ ಮೇಲೆ ತೆಗೆದವನು ಕುಡುಮಿ. ಸುಲಭದ ಲೆಕ್ಕ ತಪ್ಪು ಮಾಡಿದವನು ನಿಮ್ಹಾನ್ಸ್ ಕೇಸು. ಬೆಂಗಳೂರನ್ನೇ ನೋಡಿರದವರೂ ಈ ಮಾತು ಆಡುತ್ತಿದ್ದೆವು. ಪಿಯುಸಿಯಲ್ಲಿ ನನ್ನ ಜೊತೆ ಇದ್ದ ಹುಬ್ಬಳ್ಳಿ ಕಡೆಯ ಹುಡುಗ ಇದೇ ಜಾಗದಲ್ಲಿ "ಧಾರವಾಡಕ್ಕ ಕಳಸ್ಬೇಕು" ಅನ್ನುತ್ತಿದ್ದ. ಅಲ್ಲಿಯೂ ಮಾನಸಿಕ ರೋಗಿಗಳ ಆಸ್ಪತ್ರೆ ಇದೆಯಲ್ಲ, ಅದಕ್ಕೆ. ಕಾಪಿ ಹೊಡೆದು ಮಾರ್ಕ್ಸ್ ತೆಗೆದವನು 420. ಅದಕ್ಕಾದರೂ ದಂಡ ಸಂಹಿತೆಯಲ್ಲಿ ಒಂದು ಕಲಂ ಇತ್ತು. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ವಂಚನೆ 318ನೇ ಕಲಮಿಗೆ ಹೋಗಿದೆ. ಜನರ ಬಾಯಲ್ಲಿ ಮಾತ್ರ 420 ಹಾಗೇ ಕೂತಿದೆ.

ಒಂಬತ್ತು ಯಾವ ಕಾನೂನಿನ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ನಮಗೆ ಕಲಿಸಿದ್ದು ಬಸ್ ಸ್ಟ್ಯಾಂಡು, ಆಟೋ ಸ್ಟ್ಯಾಂಡು, ಕಬಡ್ಡಿ ಅಂಗಳ. ನಡಿಗೆಯಲ್ಲೋ ಮಾತಿನಲ್ಲೋ ಸ್ವಲ್ಪ ಹೆಣ್ಣಿಗತನ ಕಂಡ ಗಂಡಸನ್ನು, ಅಂಗಡಿ ಅಂಗಡಿಗೆ ಬಂದು ಚಪ್ಪಾಳೆ ತಟ್ಟಿ ಕಾಸು ಕೇಳುತ್ತಿದ್ದವರನ್ನು ಆ ಅಂಕಿಯಿಂದ ಕರೆಯುತ್ತಿದ್ದರು. ಅದಕ್ಕಿಂತ ಕೊಳಕು ಪದಗಳೂ ಇದ್ದವು. ಆದರೆ ಅವನ್ನು ಮೇಷ್ಟ್ರ ಎದುರು ಆಡುವ ಹಾಗಿರಲಿಲ್ಲ. ಒಂಬತ್ತನ್ನು ಆಡಬಹುದಿತ್ತು. ಬೈಗುಳ ಮಗ್ಗಿಯೊಳಗೇ ಇದ್ದರೆ ಯಾರು ತಾನೇ ಹಿಡಿಯುತ್ತಾರೆ?

ಹೀಗಾಗಿ ಕ್ಲಾಸಿನ ಹುಡುಗರು ಎಣಿಸುವಾಗ ಎಂಟಾದ ಮೇಲೆ ಹತ್ತು. ಕಬಡ್ಡಿಯಲ್ಲಿ ಪಾಯಿಂಟು ಕೂಗುವಾಗ "ಎಂಟು, ಎಂಟರ ಮೇಲೊಂದು, ಹತ್ತು". ಎಂಟನೇ ಕ್ಲಾಸಿನಿಂದ ಮೇಲೆ ಹೋದಾಗ ಊರಲ್ಲಿ ಯಾರಾದರೂ ಎಷ್ಟನೇ ಕ್ಲಾಸೋ ಅಂತ ಕೇಳಿದರೆ "ಹೈಸ್ಕೂಲು" ಅಂದು ಜಾರಿಕೊಳ್ಳುತ್ತಿದ್ದೆವು.

ಈಗ ಕಿರುಪರೀಕ್ಷೆಗೆ ಬರುತ್ತೇನೆ. ನಮ್ಮ ಲೆಕ್ಕದ ಮೇಷ್ಟ್ರು ಒಳ್ಳೆಯವರು. ಏಳೋ ಎಂಟೋ ಬಂದ ಹುಡುಗನ ಪೇಪರನ್ನು ಮತ್ತೊಮ್ಮೆ ತಿರುವಿ, ಎಲ್ಲಾದರೂ ಒಂದು ಹಂತ ಸರಿಯಿದೆಯಾ ಅಂತ ಹುಡುಕಿ, ಅರ್ಧ ಅರ್ಧ ಸೇರಿಸಿ ಒಂಬತ್ತಕ್ಕೆ ತಳ್ಳುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಉಪಕಾರ. ಅಂಕಪಟ್ಟಿಯಲ್ಲಿ ಕೆಂಪು ಗೆರೆ ಬೀಳುವುದಿಲ್ಲ, ಮನೆಯಲ್ಲಿ ಏಟು ಬೀಳುವುದಿಲ್ಲ. ಆದರೆ ಪೇಪರು ಕೊಡುವಾಗ ಅವರು ಹೆಸರು ಕೂಗಿ ಮಾರ್ಕ್ಸ್ ಗಟ್ಟಿಯಾಗಿ ಹೇಳುತ್ತಿದ್ದರು. "ಒಂಬತ್ತು" ಅಂದರೆ ಸಾಕು, ಕ್ಲಾಸಿಗೆ ಕ್ಲಾಸೇ ನಗು. ಪಾಸಾದವನು ಫೇಲಾದವನಿಗಿಂತ ಜಾಸ್ತಿ ತಲೆ ತಗ್ಗಿಸಿಕೊಂಡು ಬಂದು ಕೂರುತ್ತಿದ್ದ.

ಒಂದು ಸಲ ಮೂರನೇ ಬೆಂಚಿನವನೊಬ್ಬ ಪೇಪರು ಹಿಡಿದು ಮತ್ತೆ ಮೇಜಿನ ಹತ್ತಿರ ಹೋದ.

"ಸಾರ್, ಒಂದು ಮಾರ್ಕ್ಸ್ ಜಾಸ್ತಿ ಕೊಟ್ಟಿದೀರಿ. ಎಂಟು ಮಾಡಿ ಸಾರ್."

ಮೇಷ್ಟ್ರು ಕನ್ನಡಕ ತೆಗೆದರು. ಅವನನ್ನೇ ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು ನಮ್ಮ ಕಡೆ ತಿರುಗಿಸಿದರು. "ನೋಡ್ರೋ, ಪ್ರಾಮಾಣಿಕತೆ ಅಂದ್ರೆ ಇದು. ಫೇಲಾದರೂ ಪರವಾಗಿಲ್ಲ, ಸುಳ್ಳು ಮಾರ್ಕ್ಸ್ ಬೇಡ ಅಂತಾನೆ. ಇವನ ಪ್ರಾಮಾಣಿಕತೆಗೆ ಇನ್ನೊಂದು ಮಾರ್ಕ್ಸ್!" ಅಂದು ಹತ್ತು ಮಾಡಿಬಿಟ್ಟರು. ಅವತ್ತು ನಾವು ನಕ್ಕಿದ್ದು ಪಕ್ಕದ ಕೊಠಡಿಯ ಹಿಂದಿ ಮೇಡಂ ಬಂದು ಇಣುಕಿ ನೋಡುವಷ್ಟು. ಮುಂದಿನ ಟೆಸ್ಟಿನಲ್ಲಿ ಇನ್ನಿಬ್ಬರು ಪ್ರಾಮಾಣಿಕರು ಹುಟ್ಟಿಕೊಂಡರು. ಅವರಿಗೆ ಮಾತ್ರ ಮೇಷ್ಟ್ರು ನಿಜವಾಗಿಯೂ ಎಂಟು ಹಾಕಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಂದು ತಮಾಷೆಯ ನೆನಪಾಗಿ ಉಳಿಯುತ್ತಿತ್ತು. ವರ್ಷಗಟ್ಟಲೆ ನಾನೂ ಇಷ್ಟನ್ನೇ ಹೇಳಿ ನಗಿಸುತ್ತಿದ್ದೆ. ಮದುವೆ ಮನೆಗಳಲ್ಲಿ, ಆಫೀಸಿನಲ್ಲಿ ಊಟ ಮಾಡುವಾಗ.

ಇನ್ನೊಬ್ಬ ಇದ್ದ. ಅವನ ಹೆಸರು ಬರೆಯುವುದಿಲ್ಲ. ನಮ್ಮ ಬ್ಯಾಚಿನವರಿಗೆ ಯಾರು ಅಂತ ಗೊತ್ತಾಗುತ್ತದೆ, ಬೇರೆಯವರಿಗೆ ಬೇಕಿಲ್ಲ. ಸಣ್ಣ ದನಿ. ರಂಗೋಲಿ ಚೆನ್ನಾಗಿ ಬಿಡುತ್ತಿದ್ದ. ನಮ್ಮ ಗಂಡುಹುಡುಗರ ಕೈಬರಹವೆಲ್ಲ ಕೋಳಿ ಕೆದರಿದ ಹಾಗಿದ್ದರೆ ಅವನದು ಅಚ್ಚಿನ ಅಕ್ಷರ. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಒಂದು ಸಲ ಸೀತೆಯ ಪಾತ್ರ ಮಾಡಿದ್ದ. ಅಷ್ಟು ಸಾಕಾಯಿತು. ಅವನು ಪರೀಕ್ಷೆಯಲ್ಲಿ ಎಷ್ಟೇ ತೆಗೆಯಲಿ, ನಮ್ಮ ಪಾಲಿಗೆ ಅವನು ಒಂಬತ್ತು. ಇಪ್ಪತ್ತೆರಡು ತೆಗೆದ ದಿನ "ಒಂಬತ್ತಕ್ಕೆ ಇಪ್ಪತ್ತೆರಡು ಬಂತು" ಅಂದೆವು.

ಇನ್ನೂ ಒಂದು ಮಾಡುತ್ತಿದ್ದೆವು. ಅವನ ವಿಷಯ ಬಂದಾಗ "ಬಂದ" ಅನ್ನುತ್ತಿರಲಿಲ್ಲ. "ಬಂತು" ಅನ್ನುತ್ತಿದ್ದೆವು. "ಊಟಕ್ಕೆ ಕೂತಿದೆ." "ಇವತ್ತು ಹೊಸ ಶರ್ಟು ಹಾಕ್ಕೊಂಡಿದೆ." ಕನ್ನಡ ವ್ಯಾಕರಣದ ಪೀರಿಯಡ್ಡಿನಲ್ಲಿ ನಪುಂಸಕಲಿಂಗದ ಪಾಠ ಬಂದಾಗ ಉದಾಹರಣೆ ಕೊಡಿ ಅಂದರು ಮೇಡಂ. ಕಲ್ಲು, ಮರ, ಹಸು ಅಂತ ಮುಂದಿನ ಬೆಂಚಿನವರು ಹೇಳುತ್ತಿದ್ದರು. ಹಿಂದಿನ ಬೆಂಚುಗಳು ಒಟ್ಟಿಗೇ ಅವನ ಕಡೆ ತಿರುಗಿದವು. ಯಾರೂ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ.

ಹಾಜರಿ ಪುಸ್ತಕದಲ್ಲಿ ಅವನ ನಂಬರು 31. ನಿಜವಾಗಿಯೂ 9ನೇ ನಂಬರು ಇದ್ದವನು ಗರಡಿಗೆ ಹೋಗುತ್ತಿದ್ದ ಹುಡುಗ, ಬೆನ್ನು ಬಾಗಿಲಿನಷ್ಟು ಅಗಲ. ಅವನ ನಂಬರು ಕೂಗಿದಾಗ ಯಾರೂ ನಗುತ್ತಿರಲಿಲ್ಲ. 31 ಬಂದಾಗ ಮಾತ್ರ, ಇವನು ಎದ್ದು "ಹಾಜರ್ ಸಾರ್" ಅನ್ನುವುದಕ್ಕೆ ಮುಂಚೆ, ಯಾರೋ ಒಬ್ಬರು ಸಣ್ಣಗೆ ಕೆಮ್ಮುತ್ತಿದ್ದರು. ಆ ಕೆಮ್ಮೇ ಸನ್ನೆ. ಆಮೇಲೆ ನಗು. ದಿನಾ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಸಲ. ಮೂರು ವರ್ಷಕ್ಕೆ ಎಷ್ಟಾಗುತ್ತದೆ ಅಂತ ನಾನು ಲೆಕ್ಕ ಹಾಕಿಲ್ಲ.

ಹತ್ತನೇ ಕ್ಲಾಸಿನಲ್ಲಿ ನನಗೆ ಟೈಫಾಯಿಡ್ ಆಗಿ ಮೂರು ವಾರ ಮಲಗಿದೆ. ಎದ್ದು ಬಂದ ಮೂರನೇ ದಿನವೇ ವರ್ಗ ಸಮೀಕರಣದ ಟೆಸ್ಟು. ಅವತ್ತು ಮೇಷ್ಟ್ರಿಗೆ ಯಾವುದೋ ಮೀಟಿಂಗಿಗೆ ಹೋಗುವ ಅವಸರ. ಪೇಪರುಗಳನ್ನು ಅದಲು ಬದಲು ಮಾಡಿಸಿ, ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು, ನೀವೇ ತಿದ್ದಿ ಅಂದರು. ನಿಯಮ ಮಾತ್ರ ಕಟ್ಟುನಿಟ್ಟು: ಪ್ಲಸ್ ಮೈನಸ್ ತಪ್ಪಿದರೆ ಆ ಲೆಕ್ಕಕ್ಕೆ ಸೊನ್ನೆ. ನನ್ನ ಪೇಪರು ಎರಡು ಬೆಂಚು ದಾಟಿ ಅವನ ಕೈಗೆ ಹೋಯಿತು.

ತಿದ್ದಿದವರು ಎದ್ದು ನಿಂತು ಮಾರ್ಕ್ಸ್ ಹೇಳಬೇಕು. ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದ್ದೆ. ಎಷ್ಟು ಸಲ ಕೂಡಿಸಿದರೂ ಒಂಬತ್ತೇ ಬರುತ್ತಿತ್ತು. ಅದನ್ನು ಹೇಳಬೇಕಾದವನು ಅವನು. ಮೂರು ವರ್ಷದ ಸಾಲ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ ಅಂತ ನನಗೂ ಗೊತ್ತಿತ್ತು. ನನ್ನ ಕಿವಿ ಬಿಸಿಯಾಗಿತ್ತು.

ಅವನು ಎದ್ದ. "ಹತ್ತು ಸಾರ್," ಅಂದ. ಕೂತ.

ಮನೆಗೆ ಬಂದು ಪೇಪರು ಬಿಡಿಸಿ ನೋಡಿದೆ. ನಾಲ್ಕನೇ ಲೆಕ್ಕದ ಮೂಲಗಳು 2 ಮತ್ತು 3 ಬರಬೇಕು. ನಾನು ಮೈನಸ್ 2, ಮೈನಸ್ 3 ಬರೆದಿದ್ದೆ. ನಿಯಮದ ಪ್ರಕಾರ ಸೊನ್ನೆ. ಪಕ್ಕದಲ್ಲಿ ಅಚ್ಚಿನಂಥ ಅಕ್ಷರದಲ್ಲಿ 1 ಅಂತ ಇತ್ತು. ಎರಡು ಮೈನಸ್ ಚಿಹ್ನೆಗಳ ಮೇಲೆ ಕೆಂಪು ಇಂಕಿನ ಚುಕ್ಕಿ. ಅಂದರೆ ತಪ್ಪು ಅವನ ಕಣ್ಣಿಗೆ ಬಿದ್ದಿತ್ತು.

ಮಾರನೇ ದಿನ ಅವನ ಜೊತೆ ಮಾತಾಡಬೇಕು ಅಂತ ಹೋದವನು ಮಾತಾಡಲಿಲ್ಲ. ಗೆಳೆಯರು ಜೊತೆಗಿದ್ದರು. ಅದರ ಮಾರನೇ ದಿನವೂ ಇದ್ದರು. ಎಸ್ಸೆಸ್ಸೆಲ್ಸಿ ಮುಗಿಯಿತು. 625ಕ್ಕೆ ಎಷ್ಟು ಅಂತ ನೋಟಿಸ್ ಬೋರ್ಡಿನ ಮುಂದೆ ನೂಕಾಡಿದ ದಿನ ಅವನು ಬರಲಿಲ್ಲ. ಅವರಪ್ಪ ಬಂದು ಬರೆದುಕೊಂಡು ಹೋದರು.

ಆಮೇಲೆ ನಾನು ಅವನನ್ನು ಕಂಡದ್ದು ಫೋನಿನಲ್ಲಿ, ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಸೇರಿಸಿದ್ದರು. ಅವನು ಏನೂ ಬರೆಯುತ್ತಿರಲಿಲ್ಲ, ಹಬ್ಬಕ್ಕೆ ಒಂದು ರಂಗೋಲಿಯ ಫೋಟೋ ಹಾಕುತ್ತಿದ್ದ, ಅಷ್ಟೇ. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಂಡರಲ್ಲ, ಆಗ ನಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಟ್ರಾನ್ಸ್‌ಜೆಂಡರ್ ಕಲಾವಿದೆ. ರಾಷ್ಟ್ರಪತಿ ಕೋವಿಂದರ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದ ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ನಮ್ಮ ಗುಂಪಿಗೂ ಬಂತು. ಮೊದಲು ಒಂದಿಬ್ಬರು ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಒಬ್ಬ ಬರೆದ: "ನಮ್ ಕ್ಲಾಸಿನ ಒಂಬತ್ತು ಎಲ್ಲಿದೆ, ನೋಡ್ತಿದೆಯಾ?" ಕೆಳಗೆ ಸಾಲಾಗಿ ನಗುವ ಮುಖಗಳು. ನಲವತ್ತು ದಾಟಿದವರು, ಮಕ್ಕಳ ಫೀಸು ಕಟ್ಟುವವರು, ಬಿಪಿ ಮಾತ್ರೆ ನುಂಗುವವರು.

ಹತ್ತು ನಿಮಿಷದಲ್ಲಿ ಅವನು ಗುಂಪಿನಿಂದ ಹೊರಗೆ ಹೋದ ಅಂತ ಒಂದು ಸಾಲು ಬಂತು. ನಾನು ಏನೋ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಅಷ್ಟರಲ್ಲಿ ಯಾರೋ ಕೊಬ್ಬರಿ ರೇಟಿನ ಬಗ್ಗೆ ಕೇಳಿದರು, ಮಾತು ಆ ಕಡೆ ಹೋಯಿತು.

ಈಗ ಶಾಲೆಯಲ್ಲಿ ಕಿರುಪರೀಕ್ಷೆ ಇಲ್ಲ, ಎಫ್‌ಎ ಒಂದು, ಎಫ್‌ಎ ಎರಡು ಅಂತಾರೆ, ಗ್ರೇಡು ಕೊಡುತ್ತಾರೆ. 2014ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಒಪ್ಪಿತು. 2021ರಲ್ಲಿ ನಮ್ಮ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡಾ 1ರ ಮೀಸಲಾತಿ ತಂದಿತು. ಮೊನ್ನೆ ನನ್ನ ಮಗಳನ್ನು ಟ್ಯೂಷನ್ನಿನಿಂದ ಕರೆತರಲು ಹೋಗಿದ್ದೆ. ಗೇಟಿನಲ್ಲಿ ನಿಂತ ಹುಡುಗರು ಮಾರ್ಕ್ಸ್ ಮಾತಾಡುತ್ತಿದ್ದರು. ಒಬ್ಬ ಇನ್ನೊಬ್ಬನ ಬೆನ್ನಿಗೆ ಗುದ್ದಿ ಆ ಅಂಕಿ ಅಂದ. ಅದೇ ನಗು. ಮಗಳು ಸ್ಕೂಟರಿನ ಹಿಂದೆ ಕೂತು "ಏನಪ್ಪಾ, ಹೊರಡು" ಅನ್ನುವವರೆಗೂ ನಾನು ಕೀ ತಿರುಗಿಸಿರಲಿಲ್ಲ.

ಇದನ್ನು ಬರೆಯುವ ಮುಂಚೆ ಅವನ ನಂಬರು ಹುಡುಕಿ ಫೋನ್ ಮಾಡಿದೆ. ಈಗ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ. ಮದುವೆಯಾಗಿದೆ, ಇಬ್ಬರು ಮಕ್ಕಳು. ದನಿ ಹಾಗೇ ಇದೆ. ಬರೆಯಲಾ ಅಂತ ಕೇಳಿದೆ.

"ಬರಿ. ಹೆಸರು ಹಾಕ್ಬೇಡ," ಅಂದ.

ಆ ಪೇಪರಿನ ವಿಷಯ ಎತ್ತಿದೆ. ನಾಲ್ಕನೇ ಲೆಕ್ಕ, ಮೈನಸ್ ಚಿಹ್ನೆ, ಒಂದು ಮಾರ್ಕು, ಎಲ್ಲ ಹೇಳಿದೆ. ಇಷ್ಟು ವರ್ಷ ಹೊತ್ತುಕೊಂಡು ಓಡಾಡಿದ್ದನ್ನು ಇಳಿಸುವ ಹಾಗೆ ಹೇಳಿದೆ.

"ನಿನ್ನ ಪೇಪರ್ ನಾನು ತಿದ್ದಿದ್ನಾ? ನೆನಪೇ ಇಲ್ಲ ಕಣೋ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಅವನ ಕಡೆ ಯಾವುದೋ ಮೆಷಿನ್ನು ರಸೀದಿ ಹೊಡೆಯುವ ಸದ್ದು ಕೇಳುತ್ತಿತ್ತು.

"ನಂಗೆ ನಿನ್ನ ಕೆಮ್ಮು ನೆನಪಿದೆ," ಅಂದ. "ಹಾಜರಿ ಕೂಗುವಾಗ, ಮೂವತ್ತು ಆದ ತಕ್ಷಣ ಕೆಮ್ತಿದ್ಯಲ್ಲ."

ನಾನಾ, ಅಂದೆ.

"ನೀನೇ. ಬೇರೆ ಯಾರು?"