ಅಳಿಸದೆ ಇಟ್ಟ ಟೇಪು

1991. ನಾನು ಮೆಕ್ಯಾನಿಕಲ್ ಎರಡನೇ ವರ್ಷ. ಎರಡು ಸಬ್ಜೆಕ್ಟ್ ಬ್ಯಾಕ್ ಇದ್ದವು. ಕಾಲೇಜ್ ಡೇ ರಿಹರ್ಸಲ್ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಒಂದು ಮಧ್ಯಾಹ್ನ ಡ್ರಾಯಿಂಗ್ ಮೇಷ್ಟ್ರು ನನ್ನ ಶೀಟ್ ಮೇಲಿದ್ದ ರಬ್ಬರ್ ಪುಡಿ ಊದುತ್ತಾ ಕೇಳಿದರು: "ಏನಯ್ಯಾ, ಎಸ್‌ಪಿಬಿ ಆಗ್ತೀಯಾ? ಅವರೂ ಇಂಜಿನಿಯರಿಂಗ್ ಓದೋಕೆ ಹೋದವರೇ, ಗೊತ್ತಾ?"

ಗೊತ್ತಿರಲಿಲ್ಲ. ಮೇಷ್ಟ್ರು ಬಯ್ಯೋದು ಬಿಟ್ಟು ಕಥೆ ಶುರು ಮಾಡಿದರು.

ನೆಲ್ಲೂರಿನ ಕಡೆಯ ಹುಡುಗ, 1946ರಲ್ಲಿ ಹುಟ್ಟಿದ್ದು. ಅಪ್ಪ ಸಾಂಬಮೂರ್ತಿ ಹರಿಕಥೆ ಮಾಡುತ್ತಿದ್ದರು. ಹುಡುಗ ಇಂಜಿನಿಯರ್ ಆಗಲು ಅನಂತಪುರದ ಕಾಲೇಜು ಸೇರಿದ. ಟೈಫಾಯಿಡ್ ಬಂದು ಓದು ಅರ್ಧಕ್ಕೆ ನಿಂತಿತು. ಆಮೇಲೆ ಮದ್ರಾಸಿನಲ್ಲಿ ಇಂಜಿನಿಯರಿಂಗ್ ಡಿಗ್ರಿಗೆ ಸಮ ಅನ್ನೋ ಎಎಂಐಇಗೆ ಸೇರಿದ್ದು, ಜೊತೆಗೇ ಹಾಡಿನ ಸ್ಪರ್ಧೆಗಳು. ಅಲ್ಲಿ ಸಿಕ್ಕವರು ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿ. 1966ರ ಡಿಸೆಂಬರ್ 15ರಂದು 'ಶ್ರೀ ಶ್ರೀ ಶ್ರೀ ಮರ್ಯಾದ ರಾಮಣ್ಣ' ಅನ್ನೋ ತೆಲುಗು ಸಿನಿಮಾಕ್ಕೆ ಮೊದಲ ರೆಕಾರ್ಡಿಂಗ್. ಆಗ ವಯಸ್ಸು ಬರೀ ಇಪ್ಪತ್ತು. ಅದಾಗಿ ಎಂಟೇ ದಿನಕ್ಕೆ ಎರಡನೇ ಹಾಡು, ಅದು ಕನ್ನಡದ್ದು! ಎಂ. ರಂಗರಾವ್ ಸಂಗೀತದ 'ನಕ್ಕರೆ ಅದೇ ಸ್ವರ್ಗ', ಜೊತೆಗೆ ಹಾಡಿದವರು ಪಿ. ಸುಶೀಲ. ಇದನ್ನು ಹೇಳುವಾಗ ಮೇಷ್ಟ್ರ ಮುಖ ನೋಡಬೇಕಿತ್ತು. ತಾವೇ ಚಾನ್ಸ್ ಕೊಟ್ಟ ಹಾಗೆ!

ನನ್ನ ತಲೆಯಲ್ಲಿ ಕೂತಿದ್ದು ಬೇರೆಯೇ. ಆ ಕಾಲದಲ್ಲಿ ಕೆಲಸ ಮುಗಿದ ಮೇಲೆ ಹಾಡಿನ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರಂತೆ. ಕೋದಂಡಪಾಣಿ ಮಾತ್ರ ಸ್ಟುಡಿಯೋದ ಸ್ವಾಮಿನಾಥನ್ ಅವರಿಗೆ, ಈ ಹುಡುಗನ ಟೇಪು ಒಂದು ವರ್ಷ ಹಾಗೇ ಇರಲಿ, ಬರುವ ಸಂಗೀತ ನಿರ್ದೇಶಕರಿಗೆಲ್ಲ ಕೇಳಿಸಿ ಅಂದಿದ್ದರಂತೆ. ಹಾಡಿಸಿದ್ದಕ್ಕಿಂತ ಇದೇ ಜಾಸ್ತಿ ಅಲ್ವಾ? ಒಂದು ಚಾನ್ಸ್ ಕೊಡುವವರು ಹೇಗೋ ಸಿಗುತ್ತಾರೆ. ನಮ್ಮ ಬೆನ್ನ ಹಿಂದೆ ನಮ್ಮ ಪರವಾಗಿ ಮಾತಾಡುವವರು ಎಲ್ಲಿ ಸಿಗುತ್ತಾರೆ? ಮುಂದೆ ಎಸ್‌ಪಿಬಿ ತಮ್ಮ ರೆಕಾರ್ಡಿಂಗ್ ಥಿಯೇಟರಿಗೆ ಕೋದಂಡಪಾಣಿಯವರ ಹೆಸರೇ ಇಟ್ಟರು.

ಆ ವರ್ಷ ಕಾಲೇಜ್ ಡೇಯಲ್ಲಿ ನಾನೂ ಹಾಡಿದೆ. ಹಾಸ್ಟೆಲಿನ ರೂಮ್‌ಮೇಟ್ ತನ್ನ ಟೇಪ್ ರೆಕಾರ್ಡರ್ ತಂದು ಮುಂದಿನ ಸಾಲಲ್ಲೇ ಕೂತು ರೆಕಾರ್ಡ್ ಮಾಡಿಕೊಂಡ. ವಾರ ಬಿಟ್ಟು ಕೇಳೋಣ ಅಂತ ಪೆನ್ಸಿಲ್ ತೂರಿಸಿ ಕ್ಯಾಸೆಟ್ ಸುತ್ತಿ ಹಾಕಿದರೆ, ಪಲ್ಲವಿಯ ಒಂದು ಸಾಲು ಬಂತು. ಆಮೇಲೆ ಸೀದಾ ಕ್ರಿಕೆಟ್ ಕಾಮೆಂಟರಿ.

"ಬೇರೆ ಖಾಲಿ ಕ್ಯಾಸೆಟ್ ಇರಲಿಲ್ಲ ಮಾರಾಯ" ಅಂದ.

ಮೇಷ್ಟ್ರ ಹತ್ತಿರ ಹೋಗಿ ಹೇಳಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಶೀಟ್ ಎಲ್ಲಿ?" ಅಂದರು.