ಡೈ ಮೇಲೆ ಸ್ಪ್ರೇ ಜಾಸ್ತಿ ಆಗ್ತಿದ್ಯಾ? ಮೊದಲು ನೀರಿನ ಲೈನ್ ನೋಡಿ

ಪೀಣ್ಯದ ಒಂದು ಅಲ್ಯೂಮಿನಿಯಂ ಡೈಕಾಸ್ಟಿಂಗ್ ಶಾಪಿನಲ್ಲಿ ಪ್ರೊಸೆಸ್ ನೋಡಿಕೊಳ್ಳುವ ಕೆಲಸ ನನ್ನದು. ಕರಗಿದ ಲೋಹವನ್ನು ಡೈಗೆ, ಅಂದರೆ ಉಕ್ಕಿನ ಅಚ್ಚಿಗೆ, ಒತ್ತಡದಿಂದ ತುಂಬಿ ಪೀಸ್ ಮಾಡುವುದು ಡೈಕಾಸ್ಟಿಂಗ್. ನಮ್ಮಲ್ಲಿ ಮತ್ತೆ ಮತ್ತೆ ಬರುವ ತಕರಾರು ಬ್ಲೋ ಹೋಲ್, ಅಂದರೆ ಪೀಸ್ ಒಳಗೆ ಉಳಿದುಬಿಡುವ ತೂತು. ಡೈಯಿಂದ ಹೊರಗೆ ಬಂದಾಗ ಪೀಸ್ ಚೆನ್ನಾಗೇ ಕಾಣುತ್ತದೆ. ಮಷಿನಿಂಗ್‌ಗೆ ಹೋಗಿ ಮೇಲಿನ ಪದರ ತೆಗೆದ ಮೇಲೆ ತೂತು ಕಣ್ಣಿಗೆ ಬೀಳುತ್ತದೆ. ಆಗ ಎಲ್ಲರೂ ಹೇಳುವ ಮಾತು, ಸ್ಪ್ರೇ ಜಾಸ್ತಿ ಆಗಿದೆ, ಕಮ್ಮಿ ಮಾಡಿ. ಮಾತು ಸುಳ್ಳಲ್ಲ. ಆದರೆ ಸುಮ್ನೆ ಕಮ್ಮಿ ಮಾಡಿದರೆ ಮುಂದಿನ ಶಿಫ್ಟಿನಲ್ಲಿ ಅದು ಮತ್ತೆ ಏರಿರುತ್ತದೆ.

ಪೀಸ್ ಡೈಗೆ ಅಂಟಬಾರದು ಅಂತ ಪ್ರತಿ ಶಾಟ್‌ಗೂ (ಒಂದು ಸಲ ಲೋಹ ತುಂಬುವುದಕ್ಕೆ ಶಾಟ್ ಅನ್ನುತ್ತೇವೆ) ಮುಂಚೆ ಅದರೊಳಗೆ ಡೈ ಲ್ಯೂಬ್ ಅನ್ನುವ ಜಾರುವ ದ್ರವವನ್ನು ಸ್ಪ್ರೇ ಹೊಡೆಯುತ್ತೇವೆ. ಒಂದು ಲೀಟರ್ ಲ್ಯೂಬ್‌ಗೆ ಸುಮಾರು 80ರಿಂದ 120 ಲೀಟರ್ ನೀರು. ಅಂದರೆ ಹೊಡೆಯುವುದು ಬಹುಪಾಲು ನೀರೇ. ನೀರು ಆವಿಯಾಗಿ ಹೋಗಿ ತೆಳ್ಳನೆ ಪೊರೆ ಉಳಿಯಬೇಕು, ಅಷ್ಟೇ. ಒಂದು ಮೂಲೆಯಲ್ಲಿ ಹನಿ ನಿಂತುಬಿಟ್ಟರೆ, 650ರಿಂದ 680 ಡಿಗ್ರಿಯ ಎಡಿಸಿ12 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ ಕಣ್ಣು ಮಿಟುಕಿಸುವಷ್ಟರಲ್ಲಿ ಡೈ ತುಂಬುವಾಗ ಆ ಹನಿ ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಪೀಸ್ ಒಳಗೇ ಸಿಕ್ಕಿಕೊಳ್ಳುತ್ತದೆ. ಪೌಡರ್ ಕೋಟಿಂಗ್ ಓವನ್‌ಗೆ ಹೋಗುವ ಪೀಸ್ ಆದರೆ ಅಲ್ಲಿನ ಬಿಸಿಗೆ ಈ ಗಾಳಿ ಉಬ್ಬಿ ಮೇಲ್ಮೈಯಲ್ಲಿ ಗುಳ್ಳೆ ಏಳುತ್ತದೆ.

ಸ್ಪ್ರೇ ಮೇಲೆ ತಪ್ಪು ಹೊರಿಸುವ ಮುಂಚೆ ಆ ತೂತನ್ನು ಒಮ್ಮೆ ಸರಿಯಾಗಿ ನೋಡಿ. ಪೀಸ್ ಕುಯ್ದು, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಬೇಕು. ದುಂಡಗಿದ್ದು ಒಳಗೋಡೆ ನುಣ್ಣಗೆ ಹೊಳೆಯುತ್ತಿದ್ದರೆ ಅದು ಗಾಳಿ ಅಥವಾ ಆವಿಯ ತೂತು. ಅಂಕುಡೊಂಕಾಗಿ, ಒಳಗೆ ಒರಟೊರಟಾಗಿದ್ದರೆ ಲೋಹ ಗಟ್ಟಿಯಾಗುವಾಗ ಕುಗ್ಗಿ ಆದದ್ದು. ಎರಡನೆಯದಕ್ಕೂ ಸ್ಪ್ರೇಗೂ ನೇರ ಸಂಬಂಧ ಇಲ್ಲ. ದಪ್ಪ ಭಾಗ, ಗೇಟ್ (ಲೋಹ ಡೈಯೊಳಗೆ ನುಗ್ಗುವ ಬಾಯಿ), ಕೊನೆಯಲ್ಲಿ ಕೊಡುವ ಒತ್ತಡ, ಇವನ್ನು ನೋಡಬೇಕು. ಈ ಎರಡನ್ನೂ ಒಂದೇ ಹೆಸರಲ್ಲಿ ರಿಜೆಕ್ಷನ್ ಶೀಟಿಗೆ ಬರೆಯುವುದನ್ನು ನಿಲ್ಲಿಸಿದರೇ ಅರ್ಧ ಗೊಂದಲ ಕಡಿಮೆ ಆಗುತ್ತದೆ.

ಇನ್ನು ಆಪರೇಟರ್ ಯಾಕೆ ಜಾಸ್ತಿ ಹೊಡೆಯುತ್ತಾರೆ ಅನ್ನುವುದು. ನಮ್ಮ ಹಿರಿಯ ಆಪರೇಟರ್ ಒಬ್ಬರನ್ನು ಕೇಳಿದಾಗ ಅವರು, "ಸರ್, ಕಮ್ಮಿ ಹೊಡೆದ್ರೆ ಕೋರ್ ಪಿನ್ ಹತ್ರ ಪೀಸ್ ಹಿಡ್ಕೊಳ್ಳುತ್ತೆ, ಆಮೇಲೆ ಮಷಿನ್ ನಿಲ್ಸಿ ಕಿತ್ತು ತೆಗೀಬೇಕು" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಕೋರ್ ಪಿನ್ ಅಂದರೆ ಪೀಸಿನಲ್ಲಿ ಬೇಕಾದ ರಂಧ್ರ ಮೂಡಿಸುವ ಉಕ್ಕಿನ ಕಡ್ಡಿ. ಆ ಜಾಗ ಅಷ್ಟು ಕಾದಿರುತ್ತದೆ. ಕಾದ ಉಕ್ಕಿಗೆ ಅಲ್ಯೂಮಿನಿಯಂ ಬೆಸೆದುಕೊಳ್ಳುತ್ತದೆ. ಡೈ ತಣ್ಣಗಾಗಬೇಕಾದದ್ದು ಅದರ ಹೊಟ್ಟೆಯೊಳಗೆ ಓಡುವ ನೀರಿನಿಂದ, ಮೇಲಿನ ಸ್ಪ್ರೇಯಿಂದಲ್ಲ. ಆದರೆ ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಒಳಗಿನ ಲೈನಿನಲ್ಲಿ ಬಿಳಿ ಪದರ ಕಟ್ಟುತ್ತಾ ಹೋಗುತ್ತದೆ. ಒಂದೊಂದೇ ಹೋಸ್ ಬಿಚ್ಚಿ ಬಕೆಟ್ಟಿಗೆ ಬಿಟ್ಟು ನೋಡಿದಾಗ, ಬೇರೆ ಲೈನುಗಳಲ್ಲಿ ನೀರು ಧಾರೆಯಾಗಿ ಬರುತ್ತಿತ್ತು, ಕೋರ್ ಪಿನ್ ಪಕ್ಕದ್ದರಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಆ ಆಪರೇಟರ್ ಇಷ್ಟು ದಿನ ಕೆಟ್ಟುಹೋದ ಕೂಲಿಂಗ್ ಲೈನಿನ ಕೆಲಸವನ್ನು ಸ್ಪ್ರೇ ಗನ್ನಿನಿಂದ ಮಾಡುತ್ತಿದ್ದರು. ಅವರಿಗೆ ಮೆಮೊ ಕೊಟ್ಟು ಏನು ಪ್ರಯೋಜನ?

ಇನ್ನೊಂದು ವಿಷಯ. ತುಂಬಾ ಕಾದ ಡೈಗೆ ಎಷ್ಟು ಹೊಡೆದರೂ ಲ್ಯೂಬ್ ಹಿಡಿಯುವುದೇ ಇಲ್ಲ. ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ಅಂಟದೆ ಓಡಾಡುತ್ತವಲ್ವಾ, ಇಲ್ಲೂ ಅದೇ ಆಗುತ್ತದೆ. ಹನಿಯ ಕೆಳಗೆ ಆವಿಯ ಪದರ ನಿಂತು ಅದನ್ನು ಎತ್ತಿ ಹಿಡಿಯುತ್ತದೆ. ಲ್ಯೂಬ್ ಜಾರಿ ತಣ್ಣಗಿನ ಮೂಲೆಗಳಲ್ಲಿ ಹೋಗಿ ನಿಲ್ಲುತ್ತದೆ. ಹಾಗಾಗಿ ಒಂದೇ ಡೈಯಲ್ಲಿ ಒಂದು ಕಡೆ ಪೀಸ್ ಅಂಟುತ್ತದೆ, ಇನ್ನೊಂದು ಕಡೆ ಬ್ಲೋ ಹೋಲ್ ಬರುತ್ತದೆ. ಜೊತೆಗೆ ಕಾದ ಉಕ್ಕಿಗೆ ಶಾಟ್ ಶಾಟ್‌ಗೂ ತಣ್ಣೀರು ಹೊಡೆದರೆ ಮೇಲ್ಮೈಯಲ್ಲಿ ಬಲೆಯಂಥ ಸಣ್ಣ ಬಿರುಕು ಬೇಗ ಬರುತ್ತದೆ, ಲಕ್ಷಗಟ್ಟಲೆ ಬೆಲೆಯ ಡೈ ಹಾಳಾಗುತ್ತದೆ.

ನಾವು ಮಾಡಿದ ಕ್ರಮ ಇಷ್ಟು. ಡೈ ಇಳಿಸಿ, ಪದರ ಕರಗಿಸುವ ದ್ರಾವಣವನ್ನು ಲೈನುಗಳಲ್ಲಿ ಓಡಿಸಿ ತೊಳೆದೆವು. ಬೆಸೆದುಕೊಂಡಿದ್ದ ಅಲ್ಯೂಮಿನಿಯಂ ತೆಗೆದು ಪಿನ್ ಪಾಲಿಶ್ ಮಾಡಿದೆವು. ಆಮೇಲಷ್ಟೇ ಸ್ಪ್ರೇ ಟೈಮರ್‌ಗೆ ಕೈ ಹಾಕಿದ್ದು. ಅದನ್ನೂ ಒಂದೇ ಸಲ ಇಳಿಸಲಿಲ್ಲ. ಸ್ವಲ್ಪ ಇಳಿಸುವುದು, ಡೈ ತಾಪ ನೋಡುವುದು, ಪೀಸ್ ನೋಡುವುದು. ಸ್ಪ್ರೇ ಆದ ಮೇಲೂ ಡೈ ಸುಮಾರು 180ರಿಂದ 250 ಡಿಗ್ರಿ ಒಳಗೆ ಇರುವಂತೆ ನೋಡಿಕೊಂಡೆವು. ಅಳೆಯಲು ತಾಗಿಸಿ ನೋಡುವ ಪ್ರೋಬ್ ಒಳ್ಳೆಯದು. ಇನ್‌ಫ್ರಾರೆಡ್ ಗನ್ ಹೊಳೆಯುವ ಉಕ್ಕಿನ ಮೇಲೆ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ಸ್ಪ್ರೇ ಆದ ಮೇಲೆ ಡೈಗೆ ಗಾಳಿ ಊದುವ ಸಮಯವನ್ನು ಮಾತ್ರ ಕಡಿಮೆ ಮಾಡಲು ಬಿಡಬೇಡಿ. ಸೈಕಲ್ ಟೈಮ್ (ಒಂದು ಶಾಟ್ ಮುಗಿಯಲು ಹಿಡಿಯುವ ಸಮಯ) ಉಳಿಸಲು ಎಲ್ಲರೂ ಮೊದಲು ಕತ್ತರಿಸುವುದು ಅದನ್ನೇ, ನಿಂತ ಹನಿ ಓಡಿಸುವುದೂ ಅದೇ. ವೆಂಟ್‌ಗಳಲ್ಲಿ ಒಣಗಿ ಕೂತ ಲ್ಯೂಬನ್ನು ಹಿತ್ತಾಳೆ ಪಟ್ಟಿಯಿಂದ ಕೆರೆದು ತೆಗೆಯಿರಿ. ಅಲ್ಲಿ ಮುಚ್ಚಿಕೊಂಡಿದ್ದರೆ ಗಾಳಿ ಹೋಗುವುದೆಲ್ಲಿಂದ?

ಲೋಹವನ್ನು ಡೈಯೊಳಗೆ ತಳ್ಳುವ ಪ್ಲಂಜರ್ ಟಿಪ್‌ಗೆ ಹಾಕುವ ಎಣ್ಣೆ ಬೇರೆ ಲೆಕ್ಕ. ಬಿಸ್ಕೆಟ್ (ಟಿಪ್ ಮುಂದೆ ಉಳಿದು ಗಟ್ಟಿಯಾದ ಲೋಹದ ಬಿಲ್ಲೆ) ಕಪ್ಪಾಗಿದ್ದು ಪ್ರತಿ ಶಾಟ್‌ಗೂ ಹೊಗೆ ಏಳುತ್ತಿದ್ದರೆ ಅಲ್ಲೂ ಕಮ್ಮಿ ಮಾಡಬೇಕು.

ಈಗ ಪ್ರತಿ ಡೈ ಕಾರ್ಡಿನಲ್ಲಿ ಒಂದು ಹೊಸ ಕಾಲಂ ಇದೆ: ಯಾವ ಲೈನಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀರು. ಡೈ ಏರಿಸುವ ಮುಂಚೆ ಬಕೆಟ್ ಹಿಡಿದು ಅಳೆದು ಬರೆಯಬೇಕು. ಆ ಕಾಲಂ ತುಂಬಿಲ್ಲದಿದ್ದರೆ ಡೈ ಮಷಿನ್ ಹತ್ತುವುದಿಲ್ಲ.