ಬಕೆಟ್‌ನಲ್ಲಿ ನಿಂತವರು

ಬೆಳಿಗ್ಗೆ ನಮ್ಮ ಬೀದಿಯ 11 ಕೆ.ವಿ. (11,000 ವೋಲ್ಟ್) ವಿದ್ಯುತ್ ಮಾರ್ಗದ ದುರಸ್ತಿಗೆ ಬಂದ ಲೈನ್‌ಮನ್ ಒಬ್ಬರು, ವಾಹನದ ತೋಳಿನ ತುದಿಯಲ್ಲಿ ನಿಂತು ಕೆಲಸ ಮಾಡುವ ತೊಟ್ಟಿಯಾದ ಬಕೆಟ್ ಏರುವ ಮುನ್ನ, ವಿದ್ಯುತ್ ಹರಿಯಗೊಡದ ಆ ಫೈಬರ್‌ಗ್ಲಾಸ್ ತೋಳನ್ನು ಒಣಬಟ್ಟೆಯಿಂದ ಒರೆಸುತ್ತಿದ್ದರು. ತೇವವೂ ಧೂಳೂ ಸೇರಿದರೆ ಅದರ ಮೇಲ್ಮೈಯಲ್ಲೇ ವಿದ್ಯುತ್ ಹರಿಯಬಲ್ಲದು. ಆ ತೋಳು ತಡೆಯುವುದೂ ವಾಹನದ ಮೂಲಕ ನೆಲಕ್ಕಿಳಿಯುವ ವಿದ್ಯುತ್ತನ್ನು ಮಾತ್ರ; ಮೇಲಿರುವವರ ಒಂದು ಕೈ ವಿದ್ಯುತ್ ಇರುವ ತಂತಿಗೂ ಇನ್ನೊಂದು ಕೈ ಪಕ್ಕದ ಫೇಸ್‌ನ ತಂತಿಗೋ ಕಂಬದ ಕಬ್ಬಿಣದ ಅಡ್ಡಪಟ್ಟಿಗೋ ತಾಗಿದರೆ, ವಿದ್ಯುತ್ ಎದೆಯ ಮೂಲಕವೇ ಹಾದುಹೋಗುತ್ತದೆ, ಆಗ ಆ ತೋಳಿನಿಂದ ಯಾವ ರಕ್ಷಣೆಯೂ ಇಲ್ಲ. ಈ ವಿಚಾರ ನನ್ನನ್ನು ಬಹಳ ಹೊತ್ತು ಕಾಡಿತು.

ಲೈನ್ ಕ್ಲಿಯರ್, ಅಂದರೆ ಮಾರ್ಗದ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ, ಸಿಕ್ಕ ಮೇಲೂ ಅವರು ತಂತಿಗಳನ್ನು ಪರೀಕ್ಷಿಸಿ, ನೆಲಕ್ಕೆ ಜೋಡಿಸಿ ಅರ್ಥಿಂಗ್ ಮಾಡಿದರು, ಏಕೆಂದರೆ ಯಾವುದೋ ಮನೆಯ ಜನರೇಟರ್‌ನಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಹಿಮ್ಮುಖವಾಗಿ ವಿದ್ಯುತ್ ಬರಬಹುದು. ಜನರೇಟರ್‌ನ ವಿದ್ಯುತ್ ಹೊರಗಿನ ಮಾರ್ಗಕ್ಕೆ ಹೋಗದಂತೆ ಬೇರ್ಪಡಿಸುವ ನಮ್ಮ ಮನೆಯ ಚೇಂಜ್‌ಓವರ್ ಸ್ವಿಚ್ಚನ್ನು ಈಗಷ್ಟೇ ಹೋಗಿ ನೋಡಿ ಬಂದೆ.